ಬಿಸಿಲು ಬೀಳುವ ಹಾಲ್‌ಗೆ ಯಾವ ಟಿವಿ?
ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದೆ, ಮಾವನವರು ಬೆಳಗಿನಿಂದ ರಾತ್ರಿವರೆಗೆ ಸುದ್ದಿ ವಾಹಿನಿ ಹಾಕಿಕೊಂಡಿರುತ್ತಾರೆ ಎಂದು ಬರೆದಿದ್ದೀರಿ. ಹಾಗಿದ್ದರೆ ಓಎಲ್‌ಇಡಿ ಬೇಡ. ಅದರಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಪೂರ್ತಿ ಆರುತ್ತದೆ. ದೀಪ ಆರಿಸಿ ಸಿನಿಮಾ ನೋಡುವವರಿಗೆ ಅಂಥ ಅಚ್ಚಗಪ್ಪು ಬೇರೆಡೆ ಸಿಗುವುದು ಕಷ್ಟ. ಆದರೆ ವಾಹಿನಿಯ ಲೋಗೊ, ಕೆಳಗಿನ ಕೆಂಪು ಪಟ್ಟಿ ದಿನವೂ ಅದೇ ಜಾಗದಲ್ಲಿ ನಿಂತರೆ ಅಲ್ಲಿನ ಚುಕ್ಕಿಗಳು ಬೇಗ ಸವೆಯುತ್ತವೆ. ಆಮೇಲೆ ಕ್ರಿಕೆಟ್ ಹಾಕಿದರೂ ಹಸಿರು ಮೈದಾನದ ಮೇಲೆ ಆ ಪಟ್ಟಿಯ ಕಲೆ ಉಳಿದುಬಿಡಬಹುದು.

ಕ್ಯೂಎಲ್‌ಇಡಿ ಎಂಬ ಹೆಸರಿಗೆ ಮೋಸಹೋಗಬೇಡಿ, ದಯವಿಟ್ಟು. ಅದು ಓಎಲ್‌ಇಡಿಯ ಬಗೆಯಲ್ಲ, ಎಲ್‌ಸಿಡಿಯೇ; ಹಿಂದೆ ಎಲ್‌ಇಡಿ ಬೆಳಕು, ಬಣ್ಣ ಗಾಢವಾಗಲು ಕ್ವಾಂಟಮ್ ಡಾಟ್ ಪದರ, ಅಷ್ಟೇ.

ನಿಮ್ಮ ಮನೆಗೆ ಮಿನಿ ಎಲ್‌ಇಡಿ ಸರಿ. ಹಿಂಬದಿಯ ಪುಟ್ಟ ದೀಪಗಳು ಗುಂಪುಗುಂಪಾಗಿ ಬೆಳಗುತ್ತವೆ, ಮಂಕಾಗುತ್ತವೆ. ಹಾಗಾಗಿ ಮಧ್ಯಾಹ್ನದ ಬಿಸಿಲಲ್ಲೂ ಚಿತ್ರ ಕಳೆಗುಂದದು, ಕಪ್ಪೂ ತಕ್ಕಮಟ್ಟಿಗೆ ಚೆನ್ನಾಗಿರುತ್ತದೆ. ಇಂಥ ಗುಂಪುಗಳು, ಅಂದರೆ ಡಿಮ್ಮಿಂಗ್ ಜೋನ್, ಎಷ್ಟಿವೆ ಎಂದು ಅಂಗಡಿಯಲ್ಲಿ ಕೇಳಿ. ಚಿತ್ರವನ್ನು ವಿವಿಡ್‌ನಿಂದ ಸಿನಿಮಾ ಮೋಡ್‌ಗೆ ಬದಲಿಸಿ, ಎದುರಿಗಲ್ಲದೆ ಪಕ್ಕಕ್ಕೂ ಸರಿದು ನೋಡಿ. ಮಾವನವರ ಕುರ್ಚಿ ಮೂಲೆಯಲ್ಲಿದೆ ಎಂದೂ ಬರೆದಿದ್ದೀರಲ್ಲ, ಅಷ್ಟೇ ಓರೆಯಿಂದ ನೋಡಿದಾಗ ಬಣ್ಣ ಮಾಸಿದಂತೆ ಕಂಡರೆ ಆ ಮಾಡೆಲ್ ಬಿಟ್ಟುಬಿಡಿ.