ಮನೆಯ ಕಪಾಟಿನಲ್ಲಿ ಚಲನಚಿತ್ರ

ಪುಸ್ತಕವನ್ನು ಮೆಚ್ಚಿದವನು ಅದನ್ನು ಕೊಂಡು ತಂದು ಮನೆಯಲ್ಲಿರಿಸಿಕೊಳ್ಳಬಲ್ಲನು. ಬೇಕೆನಿಸಿದಾಗ ತೆರೆದು, ಮೆಚ್ಚಿದ ಪುಟವನ್ನು ಮತ್ತೆ ಓದಬಲ್ಲನು. ಸಂಗೀತಪ್ರಿಯನಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಗ್ರಾಮಫೋನ್ ತಟ್ಟೆಗಳು ದೊರೆತವು. ಚಲನಚಿತ್ರವನ್ನು ಮೆಚ್ಚಿದವನಿಗೆ ಮಾತ್ರ ಈ ಭಾಗ್ಯವು ಬಹುಕಾಲ ಒದಗಲಿಲ್ಲ. ಪೇಟೆಯ ಚಿತ್ರಮಂದಿರಕ್ಕೋ, ಊರಾಚೆಯ ಬಯಲಿನಲ್ಲಿ ಎದ್ದುನಿಂತ ಟೂರಿಂಗ್ ಟಾಕೀಸಿನ ಡೇರೆಗೋ ಚಿತ್ರವು ಬಂದಾಗ ನೋಡಬೇಕು. ಅದು ಊರು ಬಿಟ್ಟಿತೆಂದರೆ ನೆನಪೊಂದೇ ಗತಿ.

ಇದಕ್ಕೆ ಕಾರಣವೂ ಇತ್ತು. ಎರಡೂವರೆ ಗಂಟೆ ಓಡುವ ಚಿತ್ರವೊಂದಕ್ಕೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಉದ್ದದ ಫಿಲ್ಮ್ ಬೇಕಾಗುತ್ತಿತ್ತು. ಅದನ್ನು ಹಲವು ಸುರುಳಿಗಳಾಗಿ ಸುತ್ತಿ, ತಗಡಿನ ಡಬ್ಬಿಗಳಲ್ಲಿ ತುಂಬಿ ಸಾಗಿಸುತ್ತಿದ್ದರು. ತೋರಿಸಲು ಭಾರವಾದ ಯಂತ್ರವೂ ಅದನ್ನು ನಡೆಸಬಲ್ಲ ಕುಶಲಿಯೂ ಬೇಕು. ಕೆಲವು ಸಿರಿವಂತರೂ ಹಟವಾದಿಗಳಾದ ಕೆಲವು ರಸಿಕರೂ ಅಗಲ ಕಿರಿದಾದ ಫಿಲ್ಮಿನ ಪ್ರತಿಗಳನ್ನು ಮನೆಯಲ್ಲಿ ಕೂಡಿಟ್ಟುಕೊಂಡಿದ್ದುಂಟು. ಸಾಮಾನ್ಯ ಕುಟುಂಬಗಳಿಗೆ ಅದು ನಿಲುಕುವ ಮಾತಾಗಿರಲಿಲ್ಲ.

ನೋಡುವವರ ಕೈಗೆ ಬಾರದ ಈ ವಸ್ತುವು ಮಾಡಿದವರ ಕೈಯಲ್ಲಿಯೂ ಉಳಿಯಲಿಲ್ಲವೆಂಬುದು ಹೆಚ್ಚಿನ ದುಃಖದ ಸಂಗತಿ. ಕನ್ನಡದಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'. ವೈ. ವಿ. ರಾವ್ ನಿರ್ದೇಶಿಸಿದ, ಎಂ. ವಿ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಮೊದಲಾದವರು ನಟಿಸಿದ ಈ ಚಿತ್ರವು 1934ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅಂದು ಜನರು ಮುಗಿಬಿದ್ದು ನೋಡಿದ ಆ ಚಿತ್ರದ ಒಂದು ಪ್ರತಿಯೂ ಇಂದು ದೊರೆತಿಲ್ಲ. 1931ರಲ್ಲಿ ಬಂದ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ'ದ ಗತಿಯೂ ಅದೇ ಆಯಿತು. 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಬೇಗನೆ ಹೊತ್ತಿಕೊಳ್ಳುವಂಥದು. ಉರಿಯಲು ಬೇಕಾದ ಆಮ್ಲಜನಕವು ಅದರಲ್ಲಿಯೇ ಅಡಗಿರುವುದರಿಂದ, ನೀರಿನೊಳಗೆ ಮುಳುಗಿಸಿದರೂ ಆ ಬೆಂಕಿ ಆರುವುದಿಲ್ಲ. ಬೆಂಕಿಯಿಂದ ಉಳಿದುದು ಸೆಕೆಗೆ, ತೇವಕ್ಕೆ ಸಿಕ್ಕಿ ಅಂಟಾಗಿ, ಕೊನೆಗೆ ಪುಡಿಯಾಗುತ್ತಿತ್ತು. ಇದೂ ಸಾಲದೆಂಬಂತೆ, ಓಟ ಮುಗಿಸಿದ ಚಿತ್ರಗಳ ಸುರುಳಿಗಳನ್ನು ಅದರಲ್ಲಿನ ಬೆಳ್ಳಿಯ ಆಸೆಗಾಗಿ ಕರಗಿಸಿದವರೂ ಇದ್ದರು. ಬೆಳ್ಳಿತೆರೆಯ ಮೇಲೆ ಮಿಂಚಿದುದು ಕೊನೆಗೆ ಬೆಳ್ಳಿಯ ತೂಕಕ್ಕೆ ಮಾರಿಹೋಯಿತು.

ಹೀಗೆ ಅಳಿದುದೆಂದು ತಿಳಿದಿದ್ದ ಚಿತ್ರವೊಂದು ಒಬ್ಬ ಸಂಗ್ರಾಹಕನ ದೆಸೆಯಿಂದ ಮರಳಿ ದೊರೆತ ಕಥೆ ಸ್ವಾರಸ್ಯವಾಗಿದೆ. ಜರ್ಮನಿಯ ಫ್ರಿಟ್ಸ್ ಲಾಂಗ್ ಎಂಬ ನಿರ್ದೇಶಕನ 'ಮೆಟ್ರೊಪೊಲಿಸ್' ಎಂಬ ಮೂಕಚಿತ್ರವು 1927ರ ಜನವರಿಯಲ್ಲಿ ಬರ್ಲಿನ್ ನಗರದಲ್ಲಿ ಮೊದಲು ಪ್ರದರ್ಶಿತವಾಯಿತು. ಚಿತ್ರವು ತೀರ ದೀರ್ಘವಾಯಿತೆಂದು ಅದನ್ನು ಬೇಗನೆ ಕತ್ತರಿಸಿದರು. ಕತ್ತರಿಸಿದ ಭಾಗಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಆದರೆ ಕತ್ತರಿ ಬೀಳುವ ಮುಂಚಿನ ಪ್ರತಿಯೊಂದು ಸಮುದ್ರ ದಾಟಿ ಅರ್ಜೆಂಟೀನಾ ದೇಶದ ಬ್ಯೂನಸ್ ಐರಿಸ್ ನಗರವನ್ನು ಸೇರಿತ್ತು. ಅಲ್ಲಿನ ಚಿತ್ರವಿಮರ್ಶಕ ಮ್ಯಾನ್ಯುಯೆಲ್ ಪೆನ್ಯಾ ರಾಡ್ರಿಗೆಸ್ ಅದನ್ನು ತನ್ನ ಸ್ವಂತ ಸಂಗ್ರಹಕ್ಕೆ ಸೇರಿಸಿಕೊಂಡನು. ಮುಂದೆ ಆ ಸಂಗ್ರಹವು ಕೈಯಿಂದ ಕೈಗೆ ದಾಟಿ ಅದೇ ನಗರದ ಚಲನಚಿತ್ರ ಸಂಗ್ರಹಾಲಯಕ್ಕೆ ಬಂದಿತು. ನಡುವೆ ಯಾವಾಗಲೋ ಮೂಲದ ಅಗಲ ಫಿಲ್ಮಿನಿಂದ ಕಿರಿದಾದ 16 ಮಿಲಿಮೀಟರ್ ಫಿಲ್ಮಿಗೆ ಅದನ್ನು ಇಳಿಸಿದ್ದರು, ಗೀರುಗಳೂ ಇಳಿದುಬಂದಿದ್ದವು. 2008ರಲ್ಲಿ ಸಂಗ್ರಹಾಲಯದಲ್ಲಿ ಆ ಡಬ್ಬಿಗಳನ್ನು ತೆರೆದು ನೋಡಿದಾಗ, ಲೋಕವೆಲ್ಲ ಕಳೆದುಹೋಯಿತೆಂದು ಕೈಬಿಟ್ಟಿದ್ದ ಸುಮಾರು 25 ನಿಮಿಷಗಳ ಭಾಗವು ಅಲ್ಲಿದ್ದಿತು. 2010ರಲ್ಲಿ ಚಿತ್ರವನ್ನು ಹೊಸದಾಗಿ ಜೋಡಿಸಿ ತೋರಿಸಿದರು. ಬಳಿಕ ಅದನ್ನು ಡಿಸ್ಕ್‌ಗಳಲ್ಲಿಯೂ ಮಾರಾಟಕ್ಕೆ ತಂದರು. ದೊಡ್ಡ ಚಿತ್ರಶಾಲೆಗಳು ಕಾಯದೆ ಬಿಟ್ಟುದನ್ನು ಒಬ್ಬ ವ್ಯಕ್ತಿಯ ಒಲವು ಕಾಯ್ದಿತ್ತು.

ಇಂಥ ಒಲವುಳ್ಳ ಸಾಮಾನ್ಯರಿಗೂ ಚಿತ್ರಗಳನ್ನು ಮನೆಗೆ ತಂದಿರಿಸಿಕೊಳ್ಳುವ ಅನುಕೂಲವನ್ನು ಕಲ್ಪಿಸಿದುದು ಟೇಪುಗಳ ಬಳಿಕ ಬಂದ ಡಿಸ್ಕ್, ಎಂದರೆ ಲೇಸರ್ ಕಿರಣದಿಂದ ಓದಿಸಿಕೊಳ್ಳುವ ತಟ್ಟೆ. ಅಮೆರಿಕದಲ್ಲಿ 1978ರ ಡಿಸೆಂಬರಿನಲ್ಲಿ ಮೊದಲು ಮಾರಾಟಕ್ಕೆ ಬಂದ ಲೇಸರ್ ಡಿಸ್ಕ್ 30 ಸೆಂಟಿಮೀಟರ್ ಅಗಲದ್ದು. ಊಟದ ತಟ್ಟೆಯಷ್ಟು ದೊಡ್ಡದು. ಅದರ ಒಂದು ಮುಖದಲ್ಲಿ ಹೆಚ್ಚೆಂದರೆ ಒಂದು ಗಂಟೆಯ ಚಿತ್ರವಿರುತ್ತಿತ್ತು. ಭಾರತದ ಮನೆಗಳನ್ನು ಹೊಕ್ಕದ್ದು ಅದಲ್ಲ, 1993ರಲ್ಲಿ ರೂಪುಗೊಂಡ ವಿ.ಸಿ.ಡಿ. ಅದರ ಅಗಲ ಕೇವಲ 12 ಸೆಂಟಿಮೀಟರ್, ಹಿಡಿಸುತ್ತಿದ್ದುದು 74 ನಿಮಿಷಗಳ ಚಿತ್ರ. ನಮ್ಮ ದೀರ್ಘವಾದ ಚಿತ್ರಗಳಿಗೆ ಎರಡು ಅಥವಾ ಮೂರು ತಟ್ಟೆಗಳು ಬೇಕಾಗುತ್ತಿದ್ದವು. ಒಂದನ್ನು ತೆಗೆದು ಇನ್ನೊಂದನ್ನು ಹಾಕುವ ಹೊತ್ತೇ ಮನೆಯವರಿಗೆ ಮಧ್ಯಂತರ. ಕಾಫಿ ಕಾಯಿಸಿಕೊಳ್ಳಲು ಬಿಡುವು. 1996ರಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಕಾಣಿಸಿಕೊಂಡ ಡಿ.ವಿ.ಡಿ. ಈ ತೊಡಕನ್ನು ನೀಗಿಸಿತು. 2006ರಲ್ಲಿ ಬ್ಲೂ-ರೇ ಬಂದಿತು.

ತಟ್ಟೆಯು ಚಿತ್ರವನ್ನು ಹಿಡಿದಿಟ್ಟುಕೊಳ್ಳುವ ಬಗೆ ವಿಸ್ಮಯಕರವಾದುದು. ಮೇಲ್ನೋಟಕ್ಕೆ ಕನ್ನಡಿಯಂತೆ ನುಣುಪಾಗಿ ಕಾಣುವ ಡಿ.ವಿ.ಡಿ.ಯ ಒಡಲಿನಲ್ಲಿ, ನಡುವಿನಿಂದ ಅಂಚಿನವರೆಗೆ ಸುರುಳಿಯಾಗಿ ಸಾಗುವ ಒಂದೇ ಜಾಡಿದೆ. ಒಂದು ಸುತ್ತಿಗೂ ಮತ್ತೊಂದು ಸುತ್ತಿಗೂ ನಡುವಿನ ಅಂತರ 0.74 ಮೈಕ್ರಾನ್, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ಜಾಡನ್ನು ಬಿಚ್ಚಿ ಚಾಚಲು ಸಾಧ್ಯವಾಗುವುದಾದರೆ ಅದರ ಉದ್ದವು ಸುಮಾರು 12 ಕಿಲೋಮೀಟರ್ ಆಗುವುದು. ಜಾಡಿನುದ್ದಕ್ಕೂ ಕಣ್ಣಿಗೆ ಕಾಣದಷ್ಟು ಕಿರಿದಾದ ಕುಳಿಗಳಿರುತ್ತವೆ. ತಿರುಗುತ್ತಿರುವ ತಟ್ಟೆಯ ಮೇಲೆ ಲೇಸರ್ ಕಿರಣವು ಬಿದ್ದು ಹಿಂದಿರುಗುವಾಗ, ಕುಳಿಯಿರುವಲ್ಲಿ ಮಂದವಾಗಿಯೂ ಇಲ್ಲದೆಡೆಯಲ್ಲಿ ಪ್ರಖರವಾಗಿಯೂ ಮರಳುತ್ತದೆ. ಈ ಏರಿಳಿತಗಳನ್ನು ಯಂತ್ರವು ಅಂಕಿಗಳಾಗಿ ಓದಿ, ಅಂಕಿಗಳಿಂದ ಚಿತ್ರವನ್ನೂ ಧ್ವನಿಯನ್ನೂ ಮತ್ತೆ ಕಟ್ಟುತ್ತದೆ. ಗ್ರಾಮಫೋನಿನ ಮುಳ್ಳಿನಂತೆ ಇಲ್ಲಿ ಯಾವುದೂ ತಟ್ಟೆಯನ್ನು ಉಜ್ಜುವುದಿಲ್ಲ. ಆದುದರಿಂದ ನೂರು ಬಾರಿ ನೋಡಿದರೂ ತಟ್ಟೆ ಸವೆಯುವುದಿಲ್ಲ.

ಬೆಳಕಿನ ಅಲೆ ಚಿಕ್ಕದಾದಷ್ಟೂ ಕುಳಿಗಳನ್ನು ಕಿರಿದುಮಾಡಬಹುದು. ಡಿ.ವಿ.ಡಿ.ಯನ್ನು ಓದುವ ಕೆಂಪು ಕಿರಣದ ಅಲೆಯುದ್ದ 650 ನ್ಯಾನೊಮೀಟರ್. ಬ್ಲೂ-ರೇ ತಟ್ಟೆಯ ನೀಲಿ ನೇರಳೆ ಕಿರಣದ್ದು 405. ಅದರಿಂದಲೇ ಒಂದು ಪದರದ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್ ಹಿಡಿಸಿದರೆ, ಅಷ್ಟೇ ಅಗಲದ ಬ್ಲೂ-ರೇ ತಟ್ಟೆಯ ಒಂದು ಪದರದಲ್ಲಿ 25 ಗಿಗಾಬೈಟ್ ಹಿಡಿಸುತ್ತದೆ. ಇಷ್ಟಾದರೂ ಪ್ರತಿಯೊಂದು ಚೌಕಟ್ಟನ್ನು ಇದ್ದಂತೆಯೇ ಬರೆದಿಡುವುದಾದರೆ ಡಿ.ವಿ.ಡಿ. ಐದಾರು ನಿಮಿಷಗಳಲ್ಲಿಯೇ ತುಂಬಿಹೋದೀತು. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಬದಲಾದ ಅಂಶವನ್ನು ಮಾತ್ರ ಬರೆದುಕೊಂಡು, ಬದಲಾಗದುದನ್ನು ಹಿಂದಿನದರಿಂದಲೇ ತೆಗೆದುಕೊಳ್ಳುವ ಯುಕ್ತಿಯಿಂದ ಎರಡು ಗಂಟೆಗೂ ಮಿಕ್ಕಿದ ಚಿತ್ರವು ಅಂಗೈಯಗಲದ ತಟ್ಟೆಯಲ್ಲಿ ಕುಳಿತುಕೊಂಡಿತು.

ಬೆಲೆಯೂ ಇಳಿಯಿತು. ಭಾರತದಲ್ಲಿ ಮೋಸರ್ ಬೇರ್ ಎಂಬ ಕಂಪನಿಯು 2007ರ ಸುಮಾರಿಗೆ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರತೊಡಗಿತು. ಅಲ್ಲಿಯವರೆಗೆ ಬಾಡಿಗೆಗೆ ತಂದು ನೋಡುತ್ತಿದ್ದ ಕುಟುಂಬಗಳು ಹತ್ತಾರು ಚಿತ್ರಗಳನ್ನು ಕೊಂಡು, ಪುಸ್ತಕಗಳ ಪಕ್ಕದಲ್ಲಿ ಜೋಡಿಸಿಟ್ಟುಕೊಂಡವು.

ಆದರೆ ಕೊಂಡು ಒಟ್ಟುವುದೇ ಸಂಗ್ರಹವಲ್ಲ. ಬಲ್ಲ ಸಂಗ್ರಾಹಕನು ತಟ್ಟೆಯ ಹೊರಹೊದಿಕೆಯನ್ನು ಪುಸ್ತಕದ ಮೊದಲ ಪುಟದಂತೆ ಓದುತ್ತಾನೆ. ಚಿತ್ರದ ಅವಧಿ ಎಷ್ಟು, ಅದು ಪೂರ್ಣಪ್ರತಿಯೋ ಕತ್ತರಿಸಿದುದೋ, ಚೌಕಟ್ಟಿನ ಅಗಲ ಮೂಲದಂತಿದೆಯೋ ಎಂದು ವಿಚಾರಿಸುತ್ತಾನೆ. ಈ ಕೊನೆಯ ಮಾತು ಸಣ್ಣದಲ್ಲ. ಸಿನಿಮಾಸ್ಕೋಪ್ ಚಿತ್ರದ ಅಗಲವು ಎತ್ತರದ 2.35 ಪಟ್ಟು, ಹಳೆಯ ದೂರದರ್ಶನ ಪೆಟ್ಟಿಗೆಯ ತೆರೆಯ ಅಗಲ ಎತ್ತರದ 1.33 ಪಟ್ಟು ಮಾತ್ರ. ಆ ತೆರೆ ತುಂಬುವಂತೆ ಚಿತ್ರವನ್ನು ಹಿಗ್ಗಿಸಿದರೆ ಐದರಲ್ಲಿ ಎರಡು ಪಾಲಿಗೂ ಮಿಕ್ಕಿ ಎಡಬಲಗಳಲ್ಲಿ ಕತ್ತರಿಸಿಹೋಗುತ್ತದೆ. ಇಬ್ಬರು ಮಾತನಾಡುವ ದೃಶ್ಯದಲ್ಲಿ ಒಬ್ಬನ ಮೂಗೂ ಇನ್ನೊಬ್ಬನ ಕಿವಿಯೂ ಉಳಿದಾವು! ಮೇಲೆಯೂ ಕೆಳಗೂ ಕಪ್ಪುಪಟ್ಟಿ ಬಿಟ್ಟು ಪೂರ್ತಿ ಅಗಲವನ್ನು ತೋರಿಸುವ ತಟ್ಟೆಯನ್ನು ಕಂಡು, ತೆರೆ ಚಿಕ್ಕದಾಯಿತೆಂದು ಗೊಣಗುವವರುಂಟು. ವಾಸ್ತವವಾಗಿ ಅವರಿಗೆ ದೊರೆತುದು ಹೆಚ್ಚು, ಕಡಿಮೆಯಲ್ಲ.

ಅಮೆರಿಕದ ಕ್ರೈಟೀರಿಯನ್ ಎಂಬ ಪ್ರಕಾಶನವು ಈ ಬಗೆಯ ಎಚ್ಚರಕ್ಕೆ ಹೆಸರಾಯಿತು. 1984ರಲ್ಲಿ ಅದು ಹೊರತಂದ 'ಕಿಂಗ್ ಕಾಂಗ್' ಲೇಸರ್ ಡಿಸ್ಕಿನಲ್ಲಿ, ಚಿತ್ರವು ಓಡುತ್ತಿರುವಂತೆಯೇ ವಿದ್ವಾಂಸನೊಬ್ಬನು ದೃಶ್ಯದೃಶ್ಯಕ್ಕೂ ವಿವರಣೆ ನೀಡುವ ಮತ್ತೊಂದು ಧ್ವನಿಪಥವನ್ನು ಅಳವಡಿಸಿದ್ದಿತು. ಕಾವ್ಯಕ್ಕೆ ವ್ಯಾಖ್ಯಾನವಿದ್ದಂತೆ ಚಲನಚಿತ್ರಕ್ಕೂ ವ್ಯಾಖ್ಯಾನ ದೊರೆಯಿತು. ಸತ್ಯಜಿತ್ ರಾಯ್ ಅವರ 1955ರ 'ಪಥೇರ್ ಪಾಂಚಾಲಿ'ಯ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟಿತ್ತು. ಬೆಂದು ಮುದುಡಿದ ಆ ಫಿಲ್ಮನ್ನು ಇಟಲಿಯ ಪ್ರಯೋಗಾಲಯವೊಂದರ ಕುಶಲಿಗಳು ಕೈಯಿಂದಲೇ ನೇರಗೊಳಿಸಿ, ಹರಿದ ಅಂಚುಗಳಿಗೆ ತೇಪೆ ಹಾಕಿ, ಬಳಸಲಾಗದ ಭಾಗಗಳನ್ನು ಬೇರೆ ಪ್ರತಿಗಳಿಂದ ತುಂಬಿಕೊಂಡರು. ಹೀಗೆ ಉಳಿಸಿದ ಚಿತ್ರವು 2015ರಲ್ಲಿ ಬ್ಲೂ-ರೇ ತಟ್ಟೆಯಾಗಿ ಮನೆಗಳನ್ನು ಸೇರಿತು. ಕನ್ನಡದ ಚಿತ್ರವೊಂದಕ್ಕೂ ಇಂಥದೇ ಆರೈಕೆ ಒದಗಿದೆ. ಗಿರೀಶ ಕಾಸರವಳ್ಳಿಯವರು ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ನಿರ್ಮಿಸಿದ 'ಘಟಶ್ರಾದ್ಧ'ದ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿ ಉಳಿದಿದ್ದಿತು. ಅದರಿಂದ ಹೊಸದುಗೊಳಿಸಿದ ಪ್ರತಿಯು 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಉಳಿದುದರಿಂದ ಮಾತ್ರವೇ ಹೊಸದನ್ನು ಮಾಡಲು ಸಾಧ್ಯ. 'ಸತಿ ಸುಲೋಚನಾ'ಕ್ಕೆ ಆ ಅವಕಾಶವೂ ಇಲ್ಲ.

ಈಗ ಅಂತರಜಾಲದ ಮೂಲಕ ಚಿತ್ರಗಳು ನೇರವಾಗಿ ಮನೆಗೆ ಹರಿದುಬರುತ್ತಿರುವುದರಿಂದ ತಟ್ಟೆಗಳ ಬಳಕೆ ಬಹಳವಾಗಿ ಕುಗ್ಗಿದೆ. 1998ರಲ್ಲಿ ಅಂಚೆಯ ಮೂಲಕ ಡಿ.ವಿ.ಡಿ.ಗಳನ್ನು ಬಾಡಿಗೆಗೆ ಕಳುಹಿಸತೊಡಗಿದ ಅಮೆರಿಕದ ನೆಟ್‌ಫ್ಲಿಕ್ಸ್ 2023ರಲ್ಲಿ ಆ ವ್ಯವಹಾರವನ್ನು ನಿಲ್ಲಿಸಿತು. ಮೋಸರ್ ಬೇರ್ ದಿವಾಳಿಯಾಯಿತು. ಹರಿದುಬರುವ ಚಿತ್ರದಲ್ಲಿ ಅನುಕೂಲವು ಹೆಚ್ಚೆಂಬುದನ್ನು ಒಪ್ಪಲೇಬೇಕು. ಆದರೆ ಅದು ನದಿಯ ನೀರಿನಂತೆ. ಮೇಲಿನ ತೂಬು ಮುಚ್ಚಿದರೆ ನಿಂತುಹೋಗುತ್ತದೆ. 2022ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಗಳಲ್ಲಿ ಪ್ಲೇಸ್ಟೇಷನ್ ಅಂಗಡಿಯಿಂದ ಹಣಕೊಟ್ಟು ಚಿತ್ರಗಳನ್ನು ಕೊಂಡಿದ್ದವರಿಗೆ, ಒಂದು ಚಿತ್ರಸಂಸ್ಥೆಯೊಡನೆ ಇದ್ದ ಒಪ್ಪಂದವು ಮುಗಿಯುವುದರಿಂದ ಆ ಸಂಸ್ಥೆಯ ಚಿತ್ರಗಳು ಇನ್ನು ದೊರೆಯವೆಂಬ ಸೂಚನೆ ಬಂದಿತು. ಅವರು ಕೊಂಡಿದ್ದುದು ಚಿತ್ರವನ್ನಲ್ಲ, ನೋಡುವ ಅನುಮತಿಯನ್ನು. ತಟ್ಟೆಯನ್ನು ಕೊಂಡವನಿಗೂ ಚಿತ್ರದ ಹಕ್ಕು ದೊರೆಯುವುದಿಲ್ಲ. ಪ್ರತಿಮಾಡಿ ಮಾರಿದರೆ ಅಪರಾಧವೇ ಸರಿ. ಆದರೆ ಅವನ ಕಪಾಟಿನಲ್ಲಿರುವ ಆ ಒಂದು ಪ್ರತಿಯನ್ನು ಯಾರೂ ದೂರದಿಂದ ಅಳಿಸಲಾರರು.

ತಟ್ಟೆಯೂ ಚಿರಾಯುವಲ್ಲ. ಅದರೊಳಗಿನ ಅಲ್ಯೂಮಿನಿಯಮ್ ಪದರಕ್ಕೆ ಗಾಳಿ, ತೇವ ಸೋಂಕಿದರೆ ಕಂದುತ್ತದೆ. ಮನೆಯಲ್ಲಿಯೇ ಬರೆದುಕೊಂಡ ತಟ್ಟೆಗಳಲ್ಲಿ ಬಣ್ಣದ ಪದರವಿರುವುದರಿಂದ ಅವು ಬಿಸಿಲಿಗೆ ಬೇಗ ಕೆಡುತ್ತವೆ. ವಿ.ಸಿ.ಡಿ.ಯಲ್ಲಿ ಮಾಹಿತಿಯ ಪದರವು ಹೆಸರು ಮುದ್ರಿಸಿದ ಮೇಲ್ಮೈಯ ಕೆಳಗೆಯೇ ಇರುವುದರಿಂದ ಆ ಕಡೆಯ ಗೀರು ಹೆಚ್ಚು ಅಪಾಯಕಾರಿ, ಡಿ.ವಿ.ಡಿ.ಯಲ್ಲಾದರೋ ಅದು ಎರಡು ಹಾಳೆಗಳ ನಡುವೆ ಸುರಕ್ಷಿತವಾಗಿದೆ. ಅನುಭವಿಗಳು ತಟ್ಟೆಯನ್ನು ಅಂಚಿನಲ್ಲಿ ಮಾತ್ರ ಹಿಡಿಯುತ್ತಾರೆ. ಧೂಳು ಕೂತರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸುತ್ತಾರೆಯೇ ಹೊರತು ಸುತ್ತಲೂ ಉಜ್ಜುವುದಿಲ್ಲ. ಏಕೆಂದರೆ ಜಾಡಿನುದ್ದಕ್ಕೂ ಬಿದ್ದ ಗೀರನ್ನು ಯಂತ್ರವು ಸರಿಪಡಿಸಿಕೊಳ್ಳಲಾರದು, ಜಾಡಿಗೆ ಅಡ್ಡವಾಗಿ ಬಿದ್ದುದನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಲ್ಲದು. ಇವೆಲ್ಲಕ್ಕಿಂತ ದೊಡ್ಡ ಚಿಂತೆ ಓದುವ ಯಂತ್ರದ್ದು. ತಟ್ಟೆ ಉಳಿದು ಯಂತ್ರವು ದೊರೆಯದೆ ಹೋದರೆ, ಲಿಪಿ ಮರೆತುಹೋದ ಶಾಸನದ ಪಾಡಾಗುತ್ತದೆ. ಆದುದರಿಂದ ಕೆಲವು ಸಂಗ್ರಾಹಕರು ಕೆಟ್ಟ ಯಂತ್ರಗಳನ್ನೂ ಬಿಡಿಭಾಗಗಳಿಗಾಗಿ ಕೂಡಿಡುತ್ತಾರೆ.

'ಮೆಟ್ರೊಪೊಲಿಸ್' ಚಿತ್ರದ ಹೊಸ ತಟ್ಟೆಯನ್ನು ಹಾಕಿ ನೋಡುವವರಿಗೆ, ಸ್ವಚ್ಛವಾಗಿ ಸಾಗುತ್ತಿರುವ ಚಿತ್ರವು ನಡುನಡುವೆ ಇದ್ದಕ್ಕಿದ್ದಂತೆ ಮಂಕಾಗಿ, ಮಳೆಯ ಹನಿಗಳಂತೆ ಗೀರುಗಳು ಸುರಿಯುವುದೂ ಚೌಕಟ್ಟಿನ ಅಂಚಿನಲ್ಲಿ ಕಪ್ಪುಪಟ್ಟಿ ಮೂಡುವುದೂ ಕಾಣುತ್ತದೆ. ಬ್ಯೂನಸ್ ಐರಿಸ್‌ನ ಪ್ರತಿಯಿಂದ ಬಂದ ಭಾಗಗಳು ಅವು. ಎಷ್ಟು ಶ್ರಮಿಸಿದರೂ ಆ ಗೀರುಗಳನ್ನು ಪೂರ್ತಿಯಾಗಿ ತೆಗೆಯಲಾಗಲಿಲ್ಲ.