ಪದಮೋಡ: ಕಚೇರಿಯ ಕನ್ನಡ ಕಲಿಕೆಗೊಂದು ಸಾಧನ

ಹೊರರಾಜ್ಯಗಳಿಂದ ಬಂದು ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಗಳ ಬ್ಯಾಂಕುಗಳಲ್ಲಿ ಸೇವೆಗೆ ನಿಂತವರಿಗೆ ಮೊದಲು ಯಾವ ಪದಗಳನ್ನು ಕಲಿಸಬೇಕು? ಜೊನಾಥನ್ ಫೈನ್‌ಬರ್ಗ್ ಅವರು 2008ರಲ್ಲಿ ಹೊರತಂದ ತಂತ್ರಾಂಶದಿಂದ ಹೆಸರಾದ ‘ಪದಮೋಡ’ವು ಇಲ್ಲಿ ನೆರವಾಗುತ್ತದೆ. ಅರ್ಜಿ, ಸೂಚನಾಪತ್ರಗಳಲ್ಲಿ ಹೆಚ್ಚು ಬಾರಿ ಬಂದ ಪದವು ಅದರಲ್ಲಿ ದೊಡ್ಡದಾಗಿಯೂ ವಿರಳವಾದುದು ಚಿಕ್ಕದಾಗಿಯೂ ತೋರುತ್ತದೆ.

ಆದರೆ ಸಾಲ, ಸಾಲದ, ಸಾಲಕ್ಕೆ, ಸಾಲವನ್ನು ಎಂಬಿವು ಯಂತ್ರದ ಎಣಿಕೆಗೆ ನಾಲ್ಕು ಬೇರೆ ಪದಗಳು. ಪ್ರತ್ಯಯಗಳನ್ನು ಬಿಡಿಸಿ ಮೂಲಪದಕ್ಕೆ ಸೇರಿಸುವ ಕಾರ್ಯವನ್ನು ಕಲಿಯುವವರಿಂದಲೇ ಮಾಡಿಸಿದರೆ ಪದದೊಡನೆ ವ್ಯಾಕರಣವೂ ಮನದಟ್ಟಾಗುತ್ತದೆ.

ಗಾತ್ರವೇ ಮಹತ್ತ್ವವಲ್ಲ. ‘ಜಾಮೀನು’, ‘ಗಡುವು’ ಎಂಬ ಪದಗಳು ಮೂಲೆಯಲ್ಲಿ ಚಿಕ್ಕದಾಗಿ ಅಡಗಿರಬಹುದು. ಹೊಸದುರ್ಗದ ತೆಂಗು ಬೆಳೆಗಾರನು ಸಾಲಪತ್ರಕ್ಕೆ ರುಜು ಹಾಕುವ ಮುನ್ನ ಅರಿಯಬೇಕಾದುದು ಅವನ್ನೇ. ಅವನ್ನು ಅವನ ನುಡಿಯಲ್ಲಿ ತಿಳಿಯಹೇಳಬಲ್ಲ ನೌಕರನನ್ನು ಸಿದ್ಧಗೊಳಿಸಿದಾಗಲೇ ಈ ಪಾಠವು ಸಾರ್ಥಕ.