ಬಾಯ್ಲರ್ ಬಿಲ್ಲಿಗೆ ಉಡುಪಿನ ಕಡಿವಾಣ: ಚಳಿನಾಡಿನ ಮನೆಯೊಳಗೆ ಬೆಚ್ಚಗಿರುವ ಕ್ರಮ

ಬ್ರಿಟನ್ನಿನ ಬಹುಪಾಲು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಗ್ಯಾಸ್ ಬಾಯ್ಲರ್. ಅಡುಗೆಮನೆಯ ಮೂಲೆಯಲ್ಲೋ ಕಪಾಟಿನೊಳಗೋ ಇರುವ ಈ ಯಂತ್ರವು ನೀರನ್ನು ಕಾಯಿಸಿ, ಪ್ರತಿ ಕೋಣೆಯ ಗೋಡೆಯಲ್ಲಿ ಕೂರಿಸಿದ ರೇಡಿಯೇಟರ್ ಎಂಬ ಲೋಹದ ಫಲಕಗಳೊಳಗೆ ಹರಿಸುತ್ತದೆ. ಕೋಣೆಯ ಉಷ್ಣತೆ ನಿಗದಿಯಾದ ಮಟ್ಟಕ್ಕಿಂತ ಇಳಿದಾಗ ಬಾಯ್ಲರನ್ನು ಎಬ್ಬಿಸುವ ಸಾಧನಕ್ಕೆ ಥರ್ಮೋಸ್ಟಾಟ್ ಎಂದು ಹೆಸರು. 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರವೇ ಮಧ್ಯೆ ಬಂದು ದರಕ್ಕೆ ಮಿತಿ ಹಾಕಿದ ಮೇಲೂ ಗ್ಯಾಸಿನ ಒಂದು ಯೂನಿಟ್ಟಿಗೆ (ಅಂದರೆ ಒಂದು ಕಿಲೋವಾಟ್ ಗಂಟೆಗೆ) ಸುಮಾರು 10 ಪೆನ್ಸ್, ವಿದ್ಯುತ್ತಿನ ಒಂದು ಯೂನಿಟ್ಟಿಗೆ ಸುಮಾರು 34 ಪೆನ್ಸ್ ಬಿದ್ದು, ಸಾಧಾರಣ ಬಳಕೆಯ ಕುಟುಂಬವೊಂದರ ವಾರ್ಷಿಕ ಬಿಲ್ಲು 2,500 ಪೌಂಡ್ ಮುಟ್ಟಿತ್ತು. ಆಮೇಲೆ ದರ ಇಳಿಯಿತಾದರೂ 2021ಕ್ಕೆ ಹಿಂದಿದ್ದ ಮಟ್ಟಕ್ಕೆ ಮರಳಲಿಲ್ಲ. ಓದಿಗೋ ಕೆಲಸಕ್ಕೋ ಅಲ್ಲಿಗೆ ಹೋಗುವ ಕನ್ನಡಿಗರಿಗೆ ಮೊದಲ ಚಳಿಗಾಲದ ಬಿಲ್ಲು ದೊಡ್ಡದಾಗಿ ಕಾಣುವುದಕ್ಕೆ ದರವೊಂದೇ ಕಾರಣವಲ್ಲ. ಹೀಟಿಂಗ್ ವ್ಯವಸ್ಥೆಯೇ ಇಲ್ಲದ ಮನೆಗಳಲ್ಲಿ ಬೆಳೆದವರು ಚಳಿಯಾದೊಡನೆ ಟೀ ಶರ್ಟಿನಲ್ಲೇ ನಿಂತು ಥರ್ಮೋಸ್ಟಾಟನ್ನು 23ಕ್ಕೋ 24ಕ್ಕೋ ಏರಿಸಿಬಿಡುವುದೂ ಒಂದು ಕಾರಣ.

ಬಟ್ಟೆಯು ಶಾಖವನ್ನು ಹುಟ್ಟಿಸುವುದಿಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಸುಮ್ಮನೆ ಕುಳಿತ ವಯಸ್ಕರ ದೇಹವು ಸುಮಾರು 100 ವಾಟ್‌ನಷ್ಟು ಶಾಖವನ್ನು ಸದಾ ಹೊರಸೂಸುತ್ತಿದ್ದು, ಬಟ್ಟೆಯ ಎಳೆಗಳ ನಡುವೆ ಮತ್ತು ಪದರಗಳ ನಡುವೆ ಅಲುಗದೆ ನಿಂತ ಗಾಳಿಯು ಆ ಶಾಖ ಬೇಗನೆ ಕೈತಪ್ಪಿ ಹೋಗದಂತೆ ತಡೆಯುತ್ತದೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಒತ್ತೊತ್ತಾಗಿ ಹೊಲಿದ ಉತ್ತರ ಕರ್ನಾಟಕದ ಕೌದಿಯು, ಅದರ ಒಂದೊಂದು ಸೀರೆಯೂ ಗಾಳಿಗೆ ಹಾರುವಷ್ಟು ತೆಳುವಾಗಿದ್ದರೂ, ರಾತ್ರಿಯಿಡೀ ಬೆಚ್ಚಗಿಡುವುದು ಈ ಕಾರಣದಿಂದಲೇ. ಆದುದರಿಂದ ದಪ್ಪನೆಯ ಒಂದೇ ಉಡುಪಿಗಿಂತ ತೆಳುವಾದ ಮೂರು ಉಡುಪುಗಳು ಹೆಚ್ಚು ಉಪಯುಕ್ತ; ಸೆಖೆಯಾದಾಗ ಒಂದನ್ನು ಕಳಚುವ ಅನುಕೂಲವೂ ಅವುಗಳಿಗಿದೆ.

ಉಡುಪಿನ ಈ ತಡೆಶಕ್ತಿಯನ್ನು ಅಳೆಯಲು 1941ರಲ್ಲಿ ವಿಜ್ಞಾನಿಗಳು ‘ಕ್ಲೋ’ ಎಂಬ ಮಾನವನ್ನು ರೂಪಿಸಿದರು. 21 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಸುಮ್ಮನೆ ಕುಳಿತವರಿಗೆ ಚಳಿಯೂ ಸೆಖೆಯೂ ಅನ್ನಿಸದಂತೆ ನೋಡಿಕೊಳ್ಳುವ ಉಡುಪಿನ ಬೆಲೆ 1 ಕ್ಲೋ. ಅಂದಿನ ಸೂಟು ಹೆಚ್ಚುಕಡಿಮೆ ಅಷ್ಟಿತ್ತು. ಈಗ ಬಳಕೆಯಲ್ಲಿರುವ ಪಟ್ಟಿಗಳ ಪ್ರಕಾರ ಟೀ ಶರ್ಟಿಗೆ 0.08, ಮೈಗಂಟುವ ಉದ್ದ ತೋಳಿನ ಥರ್ಮಲ್ ಒಳಂಗಿಗೆ 0.20, ಅದರ ಜೊತೆಯ ಕಾಲುಡುಪಿಗೆ 0.15, ದಪ್ಪ ಸ್ವೆಟರಿಗೆ ಸುಮಾರು 0.36 ಕ್ಲೋ ಬೆಲೆಯಿದೆ. ಕುಳಿತು ಕೆಲಸ ಮಾಡುವವರಿಗೆ 0.1 ಕ್ಲೋ ಹೆಚ್ಚಾದರೆ ಕೋಣೆಯು ಅರ್ಧ ಡಿಗ್ರಿಗೂ ತುಸು ಹೆಚ್ಚು ತಣ್ಣಗಿದ್ದರೂ ಅಷ್ಟೇ ಹಿತವೆನಿಸುತ್ತದೆ ಎಂಬುದು ಸ್ಥೂಲ ಲೆಕ್ಕವಾಗಿದ್ದು, ಇದರಂತೆ ಥರ್ಮಲ್ ಜೋಡಿ ಮತ್ತು ಸ್ವೆಟರ್ ಒಟ್ಟಾಗಿ ಸುಮಾರು 4 ಡಿಗ್ರಿಯ ಕೆಲಸವನ್ನು ಮಾಡುತ್ತವೆ. ಥರ್ಮೋಸ್ಟಾಟನ್ನು ಒಂದು ಡಿಗ್ರಿ ಇಳಿಸಿದರೆ ಹೀಟಿಂಗ್ ಖರ್ಚಿನಲ್ಲಿ ಸುಮಾರು ಶೇ 10ರವರೆಗೆ ಉಳಿಯಬಹುದೆಂದು ಅಲ್ಲಿನ ಎನರ್ಜಿ ಸೇವಿಂಗ್ ಟ್ರಸ್ಟ್ ಬಹುಕಾಲದಿಂದ ಹೇಳುತ್ತ ಬಂದಿದೆ. ಮನೆಯ ಗೋಡೆ, ಕಿಟಕಿಗಳ ಸ್ಥಿತಿಗೆ ತಕ್ಕಂತೆ ಇದು ವ್ಯತ್ಯಾಸವಾಗುತ್ತದೆ.

ಮೊದಲ ಹೆಜ್ಜೆ, ಸಣ್ಣದೊಂದು ಥರ್ಮಾಮೀಟರನ್ನು ಹೆಚ್ಚು ಹೊತ್ತು ಕೂರುವ ಕೋಣೆಯಲ್ಲಿ ಇಡುವುದು. ಗೋಡೆಯ ಥರ್ಮೋಸ್ಟಾಟ್ ಎಷ್ಟೋ ಮನೆಗಳಲ್ಲಿ ಕೋಣೆಗಳ ನಡುವಿನ ಹಾದಿಯಲ್ಲಿರುವುದರಿಂದ ಅದು ತೋರಿಸುವ ಅಂಕಿಯೂ ಓದುವ ಮೇಜಿನ ಬಳಿಯ ಉಷ್ಣತೆಯೂ ಒಂದೇ ಆಗಿರಬೇಕೆಂದಿಲ್ಲ.

ಎರಡನೆಯದು ಮೈಗೆ ತಾಗುವ ಪದರ. ಇದು ಚರ್ಮಕ್ಕೆ ಒತ್ತಿಕೊಂಡಿರಬೇಕು, ಸೊಂಟದ ಬಳಿ ಪ್ಯಾಂಟಿನೊಳಕ್ಕೆ ಸೇರಿರಬೇಕು, ತೋಳು ಮಣಿಕಟ್ಟಿನವರೆಗೂ ಬರಬೇಕು. ಹತ್ತಿಯ ಬಟ್ಟೆ ಬೆವರನ್ನು ಹೀರಿಕೊಂಡು ಬಹಳ ಹೊತ್ತು ತೇವವಾಗಿಯೇ ಉಳಿಯುವುದರಿಂದ, ಮನೆಗೆಲಸ ಮಾಡಿ ಬೆವರಿ ಆಮೇಲೆ ಕುಳಿತುಕೊಳ್ಳುವವರಿಗೆ ಅದು ತಣ್ಣನೆ ಅಂಟಿಕೊಳ್ಳುತ್ತದೆ. ದಿನವಿಡೀ ಕುಳಿತೇ ಇರುವವರಿಗೆ ಮಾತ್ರ ಹತ್ತಿಯ ಒಳಂಗಿಯೇ ಸಾಕು, ಅವರು ದುಬಾರಿ ಬಟ್ಟೆಗೆ ಹಣ ಸುರಿಯಬೇಕಾಗಿಲ್ಲ. ಮೆರಿನೋ ಎಂಬ ತಳಿಯ ಕುರಿಯ ನಯವಾದ ಉಣ್ಣೆಯು ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರಾವಿಯನ್ನು ಹೀರಿಕೊಂಡರೂ ಒದ್ದೆಯೆನಿಸುವುದಿಲ್ಲವಾದ್ದರಿಂದ ಈ ಪದರಕ್ಕೆ ಅದು ಅತ್ಯುತ್ತಮ.

ಮೂರನೆಯದು ನಡುವಿನ ಪದರ, ಅಂದರೆ ಗಾಳಿಯನ್ನು ಹಿಡಿದಿಡುವ ಸ್ವೆಟರ್ ಅಥವಾ ಫ್ಲೀಸ್ ಎಂಬ ಮೆತ್ತನೆಯ ಕೃತಕ ನೂಲಿನ ಅಂಗಿ. ಇದು ಒಳಪದರಕ್ಕಿಂತ ಸಡಿಲವಾಗಿರಬೇಕು. ಬಿಗಿಯಾದ ಸ್ವೆಟರನ್ನು ಎರಡು ಅಂಗಿಗಳ ಮೇಲೆ ಎಳೆದು ತೊಟ್ಟರೆ ನಡುವಣ ಗಾಳಿಯೇ ಹಿಂಡಿಹೋಗಿ ತೊಟ್ಟದ್ದೆಲ್ಲ ವ್ಯರ್ಥವಾಗುತ್ತದೆ. ಇದರ ಮೇಲೆ, ಕುಳಿತಾಗ ಮಾತ್ರ ಹೊದೆಯಲು ಶಾಲನ್ನೋ ಕಂಬಳಿಯನ್ನೋ ಕೈಗೆ ಸಿಗುವಂತೆ ಇಟ್ಟುಕೊಳ್ಳಬಹುದು. ಚಳ್ಳಕೆರೆಯ ಕಡೆ ನೇಯುವ ಡೆಕ್ಕನಿ ಕುರಿಯ ಉಣ್ಣೆಯ ಕಂಬಳಿ ಒರಟಾಗಿದ್ದು ಬರಿಮೈಗೆ ಚುಚ್ಚುತ್ತದೆಯಾದರೂ ಮೂರನೆಯ ಪದರವಾಗಿ ಮೊಣಕಾಲಿನ ಮೇಲೆ ಹರಡಿಕೊಂಡರೆ ಅಂಗಡಿಯ ಎಷ್ಟೋ ಹೊದಿಕೆಗಳನ್ನು ಹಿಂದೆ ಹಾಕುತ್ತದೆ. ಅದರ ತೂಕವನ್ನು ವಿಮಾನದ ಪೆಟ್ಟಿಗೆಯಲ್ಲಿ ಹೊಂದಿಸುವುದಷ್ಟೇ ಕಷ್ಟ.

ಸೀರೆ ಉಡುವವರ ವಿಷಯವನ್ನು ಇಂಗ್ಲಿಷ್ ಕೈಪಿಡಿಗಳು ಸಾಮಾನ್ಯವಾಗಿ ಪ್ರಸ್ತಾಪಿಸುವುದಿಲ್ಲ. ಮಕ್ಕಳ ಮನೆಗೆಂದು ಕೆಲವು ತಿಂಗಳಿಗೆ ಹೋಗುವ ತಾಯಂದಿರಿಗೆ ಬೇಕಾಗಿರುವುದು ಅದೇ. ಸೀರೆಯು ಸೊಂಟದ ಸುತ್ತ ನಾಲ್ಕಾರು ಪದರವಾಗಿ ಕೂತು ಅಲ್ಲಿ ಚೆನ್ನಾಗಿಯೇ ಬೆಚ್ಚಗಿಡುತ್ತದೆ, ಆದರೆ ಹೊಟ್ಟೆ, ಬೆನ್ನಿನ ಕೆಳಭಾಗ ಮತ್ತು ಮುಂದೋಳುಗಳು ಬಯಲಾಗಿರುತ್ತವೆ. ನೆಲದ ಮಟ್ಟದಲ್ಲಿ ಹರಿದಾಡುವ ತಣ್ಣನೆಯ ಗಾಳಿ ನಿರಿಗೆಯ ಕೆಳಗಿನಿಂದ ನೇರವಾಗಿ ಕಾಲಿಗೇರುತ್ತದೆ. ಲಂಗದ ಒಳಗೆ ಪಾದದ ಗಂಟಿನವರೆಗೆ ಬರುವ ಥರ್ಮಲ್ ಕಾಲುಡುಪು, ರವಿಕೆಯ ಬದಲಿಗೆ ಸೊಂಟದ ಕೆಳಕ್ಕಿಳಿಯುವ ಉದ್ದ ತೋಳಿನ ಥರ್ಮಲ್ ಅಂಗಿ, ಸೆರಗಿನ ಮೇಲೆ ಮುಂದೆ ಗುಂಡಿಯಿರುವ ಸ್ವೆಟರ್ ಇಷ್ಟಾದರೆ ಕೊರತೆ ನೀಗುತ್ತದೆ. ಕಾಲುಂಗುರ ಧರಿಸುವವರಿಗೆ ಹೆಬ್ಬೆರಳು ಬೇರೆಯಿರುವ ಸಡಿಲ ಕಾಲುಚೀಲವೇ ಸರಿ. ಬಿಗಿಯಾದದ್ದು ಉಂಗುರವನ್ನು ಒತ್ತಿ ಬೆರಳಿನ ರಕ್ತಸಂಚಾರಕ್ಕೆ ಅಡ್ಡಿಪಡಿಸುತ್ತದೆ.

ನಾಲ್ಕನೆಯ ಹೆಜ್ಜೆ ಕೈಕಾಲು. ಮೈ ತಣ್ಣಗಾದೊಡನೆ ದೇಹವು ಒಳಗಿನ ಅಂಗಗಳನ್ನು ಕಾಪಾಡಲು ಬೆರಳುಗಳ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮೊದಲು ಮರಗಟ್ಟುವುದು ಅವೇ; ಎದೆ, ಹೊಟ್ಟೆ ಬೆಚ್ಚಗಿಲ್ಲದೆ ಬರೀ ಕಾಲುಚೀಲ ಹೆಚ್ಚಿಸಿ ಪ್ರಯೋಜನವಿಲ್ಲ. ಕಾಲುಚೀಲದ ಮೇಲೆ ದಪ್ಪ ಅಡಿಯ ಮನೆಚಪ್ಪಲಿ ಇರಲಿ. ದೇಹದ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆಂಬ ಮಾತು ಸುಳ್ಳು. ತಲೆಯೊಂದೇ ಬಯಲಾಗಿದ್ದಾಗ ಮಾತ್ರ ಅಲ್ಲಿನ ನಷ್ಟ ಎದ್ದು ಕಾಣುತ್ತದೆ. ಹಾಗಿದ್ದರೂ ಕುಲಾವಿಯೋ ಮಫ್ಲರೋ ಅಗ್ಗದ ಉಪಾಯವೇ. ಗಂಟೆಗೊಮ್ಮೆ ಎದ್ದು ಮೆಟ್ಟಿಲು ಹತ್ತಿಳಿದರೆ ದೇಹದ ಶಾಖೋತ್ಪತ್ತಿ ಹಲವು ಪಟ್ಟು ಏರುತ್ತದೆ.

ಇಷ್ಟೂ ಆದ ಮೇಲೆಯೇ ಥರ್ಮೋಸ್ಟಾಟಿಗೆ ಕೈಹಾಕಬೇಕು. ಒಮ್ಮೆಗೆ ಒಂದು ಡಿಗ್ರಿ ಇಳಿಸಿ ಕೆಲವು ದಿನ ಮೈಗೆ ಒಗ್ಗಿಸಿಕೊಂಡು ಮತ್ತೊಂದು ಡಿಗ್ರಿ ಇಳಿಸುವುದು ಸೂಕ್ತ. ರಾತ್ರಿ ಇಡೀ ಮನೆಯನ್ನು ಕಾಯಿಸುವ ಬದಲು, 2,000 ವಾಟ್‌ನ ಹೀಟರಿಗೆ ಹೋಲಿಸಿದರೆ ಸುಮಾರು 100 ವಾಟ್ ಮಾತ್ರ ಬಳಸುವ ವಿದ್ಯುತ್ ಹೊದಿಕೆಯಿಂದ ಮಲಗುವ ಮುನ್ನ ಹಾಸಿಗೆಯನ್ನು ಬೆಚ್ಚಗೆ ಮಾಡಿ ಆರಿಸಬಹುದು. ಬಿಸಿನೀರಿನ ಚೀಲಕ್ಕಾಗಿ ಒಂದು ಲೀಟರ್ ನೀರು ಕಾಯಿಸಲು ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ ಸಾಕು. ಕುದಿಯುವ ನೀರನ್ನು ಮಾತ್ರ ಅದಕ್ಕೆ ನೇರವಾಗಿ ತುಂಬಬಾರದು. ಜೋಲುವ ಶಾಲು ಹೊದ್ದು ಒಲೆಯ ಮುಂದೆ ನಿಲ್ಲುವುದೂ ಸಲ್ಲದು.

ಎಷ್ಟರವರೆಗೆ ಇಳಿಸಬಹುದೆಂಬುದು ಹಳೆಯ ಪ್ರಶ್ನೆ. 1977ರ ಫೆಬ್ರವರಿ 2ರಂದು ಅಮೆರಿಕದ ಅಂದಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವೆಟರ್ ತೊಟ್ಟು ಟಿವಿಯಲ್ಲಿ ಕಾಣಿಸಿಕೊಂಡು, ಮನೆಗಳನ್ನು ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸುಮಾರು 18 ಮತ್ತು 13 ಸೆಲ್ಸಿಯಸ್‌ನಲ್ಲಿ ಇಡುವಂತೆ ಕೋರಿದ್ದರು. ಮೊದಲ ಅಂಕಿ ಇಂದಿಗೂ ಒಪ್ಪತಕ್ಕದ್ದು, ಎರಡನೆಯದು ಎಲ್ಲರಿಗೂ ಅಲ್ಲ. ಶೀತಪ್ರದೇಶಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಉಸಿರಾಡುವ ತಣ್ಣನೆಯ ಗಾಳಿಯನ್ನು ಯಾವ ಸ್ವೆಟರೂ ಬೆಚ್ಚಗೆ ಮಾಡಲಾರದು, ಚಳಿಗೆ ಏರುವ ರಕ್ತದೊತ್ತಡಕ್ಕೆ ಉಡುಪೊಂದೇ ಮದ್ದಲ್ಲ, ಕೋಣೆ ತೀರ ತಣ್ಣಗಾದರೆ ಅಡುಗೆಯ ಆವಿ, ಒಣಹಾಕಿದ ಬಟ್ಟೆಯ ತೇವವೆಲ್ಲ ಗೋಡೆಯ ಮೇಲೆ ನೀರಾಗಿ ನಿಂತು ಬೂಷ್ಟು ಹಿಡಿಯುತ್ತದೆ. ಹಸುಗೂಸುಗಳಿಗೆ ಪದರದ ಲೆಕ್ಕವೇ ಬೇರೆ: ಅವು ಮಲಗುವ ಕೋಣೆ 16ರಿಂದ 20 ಡಿಗ್ರಿಯಲ್ಲಿರಬೇಕು, ಮಲಗಿಸುವಾಗ ಕುಲಾವಿ, ಸಡಿಲ ಕಂಬಳಿ, ಬಿಸಿನೀರಿನ ಚೀಲ ಯಾವುದೂ ಇರಕೂಡದು. ಊರಿನಿಂದ ಬಂದ ಹಿರಿಯರು ಬಿಲ್ಲಿಗೆ ಹೆದರಿ ಚಳಿಯಾಗುತ್ತಿದೆಯೆಂದು ಬಾಯಿಬಿಟ್ಟು ಹೇಳದಿರುವುದೇ ಹೆಚ್ಚು. ಮಕ್ಕಳು ದಿನಕ್ಕೊಮ್ಮೆ ಅವರ ಕೈ ಮುಟ್ಟಿ ನೋಡಿ, ಕೋಣೆಯ ಥರ್ಮಾಮೀಟರು 18ಕ್ಕಿಂತ ಕೆಳಗಿದ್ದರೆ ಇನ್ನೊಂದು ಸ್ವೆಟರ್ ಕೊಡದೆ ಬಾಯ್ಲರನ್ನೇ ಹಚ್ಚಬೇಕು.